ಪಾಚಿ ತಿನ್ನುವ ಹಸುವಿನ ಗಿಣ್ಣು

ಪಕ್ಕದ ಮನೆಯ ಮಂಜುಶ್ರೀಯ ಹಿತ್ತಲ ತಿಪ್ಪೆಯ ಮೇಲೆ ಕೋಳಿಗಳು ಗಿಣ್ಣು ತಿನ್ನುತ್ತಿದ್ದವು. ಸಗಣಿ ಸುರಿಯಲು ಮಂಕರಿ ಹೊತ್ತು ಬಂದ ಪುಟ್ಟಮಾದಮ್ಮ ಬೇಲಿಯ ಈಚೆ ನಿಂತು ನೋಡಿದಳು. ಬೆಲ್ಲದ ಹದ ನೋಡಿ, ಏಲಕ್ಕಿ ಕುಟ್ಟಿ ಹಾಕಿ, ಬೆಳಿಗ್ಗೆ ತಾನೇ ಕೈಯಾರೆ ಕೊಟ್ಟು ಬಂದ ಗಿಣ್ಣು. ಕೋಳಿಗಳಿಗೇನು, ಹಬ್ಬ.

ಕೆರಗೋಡಿನ ಆ ಬೀದಿಯಲ್ಲಿ ಹಸು ಕರು ಹಾಕಿದರೆ ಮೊದಲ ಹಾಲಿನ ಗಿಣ್ಣು ಅಕ್ಕಪಕ್ಕದ ಮನೆಗಳಿಗೆ ಹೋಗಲೇಬೇಕು. ಪಾತ್ರೆ ವಾಪಸು ಬರುವಾಗ ಬರಿದಾಗಿ ಬರಬಾರದು. ಹಿಡಿ ಅಕ್ಕಿಯೋ ಬೆಲ್ಲದ ಚೂರೋ ಇರುತ್ತದೆ. ಗಂಡ ಸತ್ತು, ಮಕ್ಕಳಿಲ್ಲದ ಪುಟ್ಟಮಾದಮ್ಮನ ಹೊಸ್ತಿಲು ತುಳಿಯಲು ಜನರಿಗೆ ಉಳಿದಿದ್ದ ನೆಪ ಅದೊಂದೇ. ಹಸು ಕರು ಹಾಕುವುದನ್ನು ಅವಳು ಕಾಯುತ್ತಿದ್ದುದು ಹಾಲಿಗಿಂತ ಹೆಚ್ಚಾಗಿ ಇದಕ್ಕೆ.

ತಪ್ಪು ಅವಳ ಬಾಯಿಯದೇ. ಡೈರಿಗೆ ಬಂದಿದ್ದ ದನದ ಡಾಕ್ಟರ ಮಾತು ಕೇಳಿ ಹಿತ್ತಲಲ್ಲಿ ಗುಂಡಿ ತೋಡಿ, ಟಾರ್ಪಾಲು ಹಾಸಿ, ಸಿಹಿನೀರಿನ ಪಾಚಿ ಬೆಳೆಸಿದ್ದಳು. ಸೋಸಿ, ಒಣಗಿಸಿ, ಬೂಸಕ್ಕೆ ಬೆರೆಸಿದರೆ ಹಸು ತೊಟ್ಟಿ ನೆಕ್ಕಿ ಖಾಲಿ ಮಾಡುತ್ತಿತ್ತು. ಅದರ ಮೈ ತುಂಬಿಕೊಂಡಿತು. ಅಷ್ಟಕ್ಕೆ ಸುಮ್ಮನಿರಬಾರದೆ? ಹಾಲು ಹಾಕುವ ಸಾಲಿನಲ್ಲಿ ನಿಂತು, "ನಮ್ಮಸ ಪಾಚಿ ತಿಂತದೆ ಕಣ್ರವ್ವ, ಅದ್ಕೇ ಈ ಕಳೆ" ಎಂದು ಸಾರಿದಳು. ಪಾಚಿ ಎಂದರೆ ನಾರುವ, ಕಾಲು ಜಾರಿಸುವ ವಸ್ತು ಎಂದಷ್ಟೇ ಗೊತ್ತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಡೈರಿಯ ಕ್ಯಾನಿಗೆ ಬಿದ್ದ ಮೇಲೆ ಎಲ್ಲರ ಹಾಲೂ ಒಂದೇ, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಪಾತ್ರೆಯಲ್ಲಿ ಮನೆಗೆ ಬಂದದ್ದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ವಾರ ಕಳೆದು ಮಂಜುಶ್ರೀ ಪಾತ್ರೆ ತಂದಳು. ಒಳಗೆ ಬೆಲ್ಲದ ಚೂರಿತ್ತು.

"ಚೆಂದಾಗಿತ್ತು ಕಣಕ್ಕ. ಐಕ್ಳು ಕಿತ್ತಾಡ್ಕೊಂಡು ತಿಂದೊ."

"ತಿನ್ಲಿ ಬುಡು" ಎಂದಳು ಪುಟ್ಟಮಾದಮ್ಮ. ಕೋಳಿಗಳ ಮಾತು ನಾಲಗೆಯ ತುದಿಗೆ ಬಂದಿತ್ತು. ಆಡಿದರೆ ಇವಳು ನಾಳೆಯಿಂದ ಈ ಕಡೆ ತಲೆ ಹಾಕುವುದಿಲ್ಲ. "ಕೂತ್ಕೊ, ಕಾಫಿ ಕುಡ್ಕೊಂಡ್ ಓಗೀಯಂತೆ."

"ಬ್ಯಾಡ ಕಣಕ್ಕ, ಈಗ್ತಾನೆ ಕುಡ್ದೆ." ಮಂಜುಶ್ರೀ ಆಗಲೇ ಬಾಗಿಲ ಕಡೆ ತಿರುಗಿದ್ದಳು.

"ಆಲು ಒಡ್ದೋಯ್ತು. ಬರೀ ಬೆಲ್ಲದ ಕಾಫಿ."

ಮಂಜುಶ್ರೀ ಒಂದು ಗಳಿಗೆ ನಿಂತಳು. ಆಮೇಲೆ ಜಗಲಿಯ ಮೇಲೆ ಕೂತಳು.

ಕರಿ ಕಾಫಿ ಹಿಡಿದು ಇಬ್ಬರೂ ಮಾತಾಡಿದರು. ನಾಲೆಗೆ ನೀರು ಬಿಟ್ಟದ್ದು, ಮಂಡ್ಯದ ಬಸ್ಸಿನ ನೂಕುನುಗ್ಗಲು, ಮಂಜುಶ್ರೀಯ ಮಗಳಿಗೆ ಕೂದಲು ಉದುರುತ್ತಿರುವುದು. ಆ ಜಗಲಿಯ ಮೇಲೆ ಇನ್ನೊಬ್ಬರ ದನಿ ಕೇಳಿ ತಿಂಗಳುಗಳೇ ಆಗಿದ್ದವು. ಪುಟ್ಟಮಾದಮ್ಮನಿಗೆ ಖುಷಿಯಾಗಿತ್ತು, ನಾಚಿಕೆಯೂ ಆಗಿತ್ತು.

ಅಷ್ಟರಲ್ಲಿ ಒಳಗೆ ಒಲೆಯ ಮೇಲೆ ಬಿಟ್ಟು ಬಂದಿದ್ದ ಹಾಲು ಉಕ್ಕಿ, ಸೊಯ್ ಎಂದು ಉರಿಯ ಮೇಲೆ ಸುರಿಯಿತು. ಸೀದ ಹಾಲಿನ ವಾಸನೆ ಜಗಲಿಯವರೆಗೂ ಬಂತು. ಮಂಜುಶ್ರೀ ತಲೆ ಎತ್ತದೆ ಲೋಟದೊಳಗೇ ನೋಡುತ್ತಿದ್ದಳು. ತಾನು ಎದ್ದರೆ ಅವಳೂ ಎದ್ದುಬಿಡುತ್ತಾಳೆಂದು ಪುಟ್ಟಮಾದಮ್ಮ ಅಲುಗಾಡಲಿಲ್ಲ.

"ಊಂ, ಆಮೇಲೆ?" ಎಂದಳು. "ಮಗೀನ ತಲೆಗೆ ಯಾವ ಎಣ್ಣೆ ಆಕ್ತೀನಿ ಅಂದೆ?"