ಮಬ್ಬು ಮಾಡಿದ ಅಂಗಡಿ

ರವಿಕೆ ಹೊಲಿಸಲು ಬಂದ ಸೌಮ್ಯಾ ಫೋನನ್ನು ಕರುಣಾಳ ಮುಂದೆ ಹಿಡಿದಳು. "ಮ್ಯಾಪಿನ್ಯಾಗ ನಿಮ್ಮ ಅಂಗಡಿ ಹುಡುಕಿದ್ರ ನೀವ ನಿಂತೀರಿ ನೋಡ್ರಿ ಅಕ್ಕಾರ."

ಬೆರಳು ಸರಿಸಿದಂತೆ ಹಳೇ ಹುಬ್ಬಳ್ಳಿಯ ಆ ಓಣಿ ಪರದೆಯ ಮೇಲೆ ಸುತ್ತಲೂ ತಿರುಗಿತು. ಹುಸೇನಬಾಷಾರ ಬಳೆ ಅಂಗಡಿ, ಅದೇ ಕಟ್ಟಡದಲ್ಲಿ ಪಕ್ಕಕ್ಕೆ ಅವರು ಕರುಣಾಳಿಗೆ ಬಾಡಿಗೆಗೆ ಕೊಟ್ಟ ಹೊಲಿಗೆ ಅಂಗಡಿ, ಹೊಸ್ತಿಲಲ್ಲಿ ಒಬ್ಬ ಹೆಂಗಸು. ಮುಖವನ್ನು ಮಬ್ಬು ಮಾಡಿದ್ದರು. ಆದರೆ ಮೂಳೆ ಸರಿಯಾಗಿ ಕೂಡದ ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡು ನಿಲ್ಲುವ ರೀತಿ ಅವಳದೇ. ಆ ಕೈ ಮುರಿದವನು ಗಂಡ ಹುಲಗೇಶ. ಅವನ ಕಣ್ಣು ತಪ್ಪಿಸಿ ಗದಗಿನಿಂದ ಬಂದು ಅವಳು ಇಲ್ಲಿ ನೆಲೆಸಿದ್ದಳು.

ಅಂದಿನಿಂದ ಅವಳ ಹೊಲಿಗೆ ನೇರ ಬೀಳಲಿಲ್ಲ. ಓಣಿಯಲ್ಲಿ ಬೈಕ್ ನಿಂತರೆ ಮಷಿನ್ ನಿಲ್ಲಿಸಿ ಕಿವಿಗೊಡುವಳು. ಕೊನೆಗೆ ಹುಸೇನಬಾಷಾರಿಗೆ ಗಂಡನ ಹೆಸರೊಂದನ್ನು ಬಿಟ್ಟು ಎಲ್ಲ ಹೇಳಿದಳು.

"ಮಬ್ಬು ಮಾಡ್ರಿ ಅಂತ ಮ್ಯಾಪಿನ ಕಂಪನಿಗೆ ಕೇಳಬಹುದಂತ ಕಾಕಾ. ಆದ್ರ ಇಡೀ ಕಟ್ಟಡಾನ ಮುಚ್ಚತಾರ. ನಿಮ್ಮ ಅಂಗಡಿನೂ ಕಾಣಂಗಿಲ್ಲ. ಆಮ್ಯಾಲ ತಿರುಗಿ ತೋರಸ್ರಿ ಅಂದ್ರೂ ಆಗಂಗಿಲ್ಲ."

"ಬಳಿ ಕೈಗೆ ಏರಿಸಿ ನೋಡಿ ತಗೋತಾರ ಬೇಟಿ, ಫೋನಿನ್ಯಾಗ ನೋಡಿ ಅಲ್ಲ. ಇವತ್ತ ಕೇಳಿಬಿಡು."

ಕೆಲವು ದಿನಗಳಲ್ಲಿ ಮ್ಯಾಪಿನಲ್ಲಿ ಕಟ್ಟಡಕ್ಕೆ ಮಂಜು ಕವಿದಂತಾಯಿತು. ಆದರೂ ಅವಳ ದಿಗಿಲು ಇಳಿಯಲಿಲ್ಲ. ಅಷ್ಟರೊಳಗೆ ಹುಲಗೇಶ ನೋಡಿಬಿಟ್ಟಿದ್ದರೆ?

ಒಂದು ಮಧ್ಯಾಹ್ನ ಅಪರಿಚಿತನೊಬ್ಬ ಫೋನನ್ನು ಮುಖದ ಮುಂದೆ ಎತ್ತಿ ಹಿಡಿದು ನೇರ ಅವಳ ಬಾಗಿಲಿಗೇ ಬಂದ. ಕ್ಯಾಮೆರಾ ಅವಳತ್ತಲೇ ಇತ್ತು. ಹುಲಗೇಶನೇ ಕಳಿಸಿರಬೇಕು ಎಂದುಕೊಂಡು ಕರುಣಾ ಹಿಂಬಾಗಿಲಿನಿಂದ ಬರಿಗಾಲಲ್ಲಿ ಓಡಿದಳು. ದೊಡ್ಡ ರಸ್ತೆಯ ಜನರ ನಡುವೆ ಹೋಗಿ ನಿಂತಳು. ಹುಸೇನಬಾಷಾ ಹುಡುಕಿಕೊಂಡು ಬರುವ ತನಕ ಅಲ್ಲಿಂದ ಅಲುಗಲಿಲ್ಲ.

"ಲಗ್ನಕ್ಕ ಬಂದಾಂವ ಪಾಪ. ಕ್ಯಾಮೆರಾ ಎತ್ತಿ ಹಿಡದ್ರ ರಸ್ತೆ ಮ್ಯಾಲ ದಾರಿ ಬಾಣ ತೋರಸ್ತೈತಂತ ಅವನ ಫೋನು. ಅದು ನಿನ್ನ ಗ್ವಾಡಿ ತೂರಿ ಹೋಗು ಅಂತಿತ್ತು. ನಾ ದಾರಿ ತೋರಿಸಿ ಕಳಿಸೀನಿ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು. "ಹಿಂಗ ಎಷ್ಟು ದಿನ ಓಡ್ಲಿ ಕಾಕಾ?"

ಮರುದಿನ ಅವರನ್ನು ಜೊತೆಗೆ ಕರೆದುಕೊಂಡು ಮಹಿಳಾ ಪೊಲೀಸ್ ಠಾಣೆಗೆ ಹೋದಳು. ಇಲ್ಲಿಗೆ ಬಂದಾಗಿನಿಂದ ಬಾಯಿಗೆ ತಂದುಕೊಳ್ಳದ ಗಂಡನ ಹೆಸರನ್ನು, ಅವನು ಮಾಡಿದ್ದನ್ನು, ಕುರ್ಚಿಯ ತುದಿಯಲ್ಲಿ ಕೂತು ಹೇಳಿದಳು.

"ಈಗ ಎಲ್ಲಿರ್ತೀರಿ?" ಎಂದು ಪೊಲೀಸಮ್ಮ ಕೇಳಿದಳು.

ಕರುಣಾ ಬಾಗಿಲ ಕಡೆ ಒಮ್ಮೆ ನೋಡಿ, ಓಣಿಯ ಹೆಸರು ಹೇಳಿದಳು.