ಗಿರಿಜಾಂಬಾ ಟೀಚರ ಮೂರನೆಯ ಪಾಠ

"ಮೂಟೇನೇ ಇಲ್ಲ ಟೀಚರ್ರೇ," ಎಂದಳು ಶಿವಗಂಗಮ್ಮ ಅಟ್ಟದ ಮೇಲಿಂದ.

ಕೆಳಗೆ ಏಣಿ ಹಿಡಿದು ನಿಂತಿದ್ದ ಗಿರಿಜಾಂಬಾ ಟೀಚರಿಗೆ ಮಾತು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. "ಸರಿಯಾಗಿ ನೋಡೇ ಮಾರಾಯ್ತಿ, ಮೂಲೇಲಿರತ್ತೆ," ಎಂದರು.

"ಮೂಲೇಲಿ ಎಂತದೂ ಇಲ್ಲ. ಬರೀ ನಾಕು ಕಾಳು ಬಿದ್ದಿದಾವೆ."

ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ ಅವಳ ಗಂಡ ಬೆಳ್ಳಿಯಪ್ಪ ತಲೆ ಎತ್ತದೆಯೇ ಕೇಳಿದ, "ಎಂತ ಹುಡುಕ್ತಿದೀಯ? ಮೆಣಸಾ? ನಿನ್ನೆ ಅಹಮದ್ ಸಾಬ್ರ ಅಂಗಡಿಗೆ ಹಾಕ್ದೆ. ಕಿಲೋಗೆ ನೂರು ದಾಟಿತ್ತು."

ಶಿವಗಂಗಮ್ಮ ಅಟ್ಟದ ಅಂಚಿನಲ್ಲೇ ಕೂತುಬಿಟ್ಟಳು. ಆ ಕಾಳುಮೆಣಸಿನ ಮೂಟೆಯ ಹೊಟ್ಟೆಯಲ್ಲಿ ಅವಳ ಮೂರು ವರ್ಷದ ಉಳಿತಾಯವಿತ್ತು. ಶುಕ್ರವಾರದೊಳಗೆ ಮಗಳು ಕವನಾಳ ನರ್ಸಿಂಗ್ ಶಾಲೆಗೆ ಒಂಬತ್ತು ಸಾವಿರ ಕಟ್ಟಬೇಕು. ಇವತ್ತು ಬುಧವಾರ. ದುಡ್ಡು ಹೊರತೆಗೆಯುವ ಹೊತ್ತಿಗೆ ಎದುರಿಗಿರಬೇಕೆಂಬ ಆಸೆಯಿಂದಲೇ ಟೀಚರ್ ಬೆಳಗಿನ ಬಸ್ಸಿಗೆ ಬಂದಿದ್ದರು. ಎಷ್ಟೆಂದರೂ ಅವರೇ ಕಲಿಸಿದ ವಿದ್ಯೆ.

ಗಿರಿಜಾಂಬಾ ಟೀಚರಿಗೆ ಖರ್ಚು ಮಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನ ಕೈಯಲ್ಲಿ ಹೊಸ ಬಳೆ ಕಂಡರೂ ಎಷ್ಟು ಕೊಟ್ಟೆ, ಯಾಕೆ ಕೊಟ್ಟೆ ಎಂದು ಕೇಳಿಬಿಡುವವರು. ನಿವೃತ್ತಿಯಾದ ಮೇಲೆ ಊರ ಹೆಂಗಸರಿಗೆ ದುಡ್ಡು ಉಳಿಸುವುದನ್ನು ಕಲಿಸುವುದೇ ಅವರ ಕೆಲಸವಾಗಿತ್ತು. ಶಿವಗಂಗಮ್ಮನಿಗೆ ಮೂರು ಪಾಠ ಹೇಳಿದ್ದರು. ಶನಿವಾರ ಎಸ್ಟೇಟಿನಲ್ಲಿ ಬಟವಾಡೆಯಾದ ಕೂಡಲೇ, ಅಂಗಡಿಯ ಮುಖ ನೋಡುವ ಮೊದಲೇ, ಕೂಲಿಯಲ್ಲಿ ಒಂದಿಷ್ಟು ತೆಗೆದಿಡಬೇಕು. ಸುಲಭಕ್ಕೆ ಕೈಗೆ ಸಿಗದ ಕಡೆ ಇಡಬೇಕು. ಯಾರು ಕೇಳಿದರೂ, ಕಟ್ಟಿಕೊಂಡ ಗಂಡನೇ ಕೇಳಿದರೂ, ಇಲ್ಲ ಅನ್ನಬೇಕು. ಮೂರನೆಯದು ಹೆಂಗಸರ ನಾಲಿಗೆಗೆ ಬರುವುದೇ ಇಲ್ಲವೆಂದು ಅವಳ ಕೈಲಿ ಹತ್ತು ಸಲ ಬಾಯಿಪಾಠ ಹೇಳಿಸಿದ್ದರು.

ಪೋಸ್ಟಾಫೀಸು ಬೇಡವೆಂದವಳು ಶಿವಗಂಗಮ್ಮ. ಪೋಸ್ಟ್‌ಮ್ಯಾನ್ ಸುಬ್ಬಣ್ಣ ಬೆಳ್ಳಿಯಪ್ಪನ ಜೊತೆ ಎಲೆ ಅಡಿಕೆ ಹಾಕುವವನು, ಪಾಸ್‌ಬುಕ್ಕಿಗಿಂತ ಮೊದಲು ಸುದ್ದಿ ಮನೆ ಸೇರುತ್ತಿತ್ತು. ಮೆಣಸಿನ ಮೂಟೆಯ ಉಪಾಯವೂ ಅವಳದೇ. ಮೆಣಸಿಗೆ ಹುಳ ಹಿಡಿಯುವುದಿಲ್ಲ, ಇಲಿ ಬಾಯಿ ಹಾಕುವುದಿಲ್ಲ. ಕಿಲೋಗೆ ಅರವತ್ತು ಎಪ್ಪತ್ತಕ್ಕೆ ಮಾರುವುದಕ್ಕಿಂತ ಅಟ್ಟದಲ್ಲೇ ಇರಲಿ ಎಂದು ಗಂಡ ಹಟ ಹಿಡಿದಿದ್ದ. ಅವಳು ಶನಿವಾರ ಶನಿವಾರ ನೋಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೊಣಕೈವರೆಗೆ ಕೈ ಇಳಿಸಿ, ಕಾಳಿನ ನಡುವೆ ಹೂತಿಡುತ್ತಿದ್ದಳು. ಮೆಣಸಿನ ಧಾರಣೆ ಒಂದು ದಿನ ಏರಬಹುದೆಂಬುದು ಶಿಷ್ಯೆಗೂ ಹೊಳೆದಿರಲಿಲ್ಲ, ಗುರುವಿಗೂ ಹೊಳೆದಿರಲಿಲ್ಲ.

"ಸ್ವಲ್ಪ ಗೋಣಿಬೀಡಿಗೆ ಹೋಗಿ ಬರ್ತೀವಿ," ಎಂದು ಟೀಚರ್ ಹೇಗೋ ಬಾಯಿಬಿಟ್ಟರು. ಬೆಳ್ಳಿಯಪ್ಪ ಯಾಕೆಂದು ಕೇಳಲಿಲ್ಲ.

ಗೋಣಿಬೀಡಿನ ಅಂಗಡಿಯ ಮುಂದೆ ಮೆಣಸು ಜರಡಿ ಹಿಡಿಸುತ್ತಿದ್ದ ಅಹಮದ್ ಸಾಬರು ಇಬ್ಬರ ಮುಖ ನೋಡಿದವರೇ ಎದ್ದು ನಿಂತರು.

"ನಿನ್ನೆ ಮೂಟೆ ಸುರಿದ್ರೆ ಮೆಣಸಿನ ಜೊತೆ ದುಡ್ಡೂ ಬಿತ್ತು ಟೀಚರ್ರೇ. ನನಗೇ ಎದೆ ಝಲ್ ಅಂತು. ಬೆಳ್ಳಿಯಪ್ಪಣ್ಣ ಎದುರಿಗೇ ಇದ್ರು. ಒಂಬತ್ತು ಸಾವಿರದ ಆರ್ನೂರು, ಅಲ್ಲೇ ಎಣಿಸಿ ಅವರ ಕೈಗೆ ಕೊಟ್ಟೆ."

ಶಿವಗಂಗಮ್ಮ ಕೇಳಿದಳು, "ಎಂತ ಅಂದ್ರು?"

"ಎಂತದೂ ಅನ್ಲಿಲ್ಲಮ್ಮ. ದುಡ್ಡಿಗೆ ಸುತ್ತಿದ್ದ ಚೀಟಿ ಬಿಡಿಸ್ಕೊಂಡು ಒಂದೊಂದೇ ಓದ್ತಾ ಆ ಬೆಂಚಲ್ಲಿ ಕೂತ್ರು. ಟೀ ತರಿಸಿದ್ದೆ, ಮುಟ್ಲೇ ಇಲ್ಲ."

ದಾರಿಯುದ್ದಕ್ಕೂ ಟೀಚರ್ ಕುದಿಯುತ್ತಿದ್ದರು. ದುಡ್ಡು ಜೇಬಿನಲ್ಲಿಟ್ಟುಕೊಂಡು, ಹೆಂಡತಿ ಖಾಲಿ ಅಟ್ಟದಲ್ಲಿ ತಡಕಾಡುವುದನ್ನು ನೋಡುತ್ತ ಅಡಿಕೆ ಕತ್ತರಿಸುವುದೆಂದರೆ ಅದೆಂಥ ಮನುಷ್ಯ! ಅವನಿಗೆ ಅನ್ನಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡರು. ಶಿವಗಂಗಮ್ಮ ಮಾತ್ರ, "ಚೀಟಿ ಓದಿದ್ರಂತೆ," ಎಂದು ಎರಡು ಸಲ ಹೇಳಿದಳು. ಇಟ್ಟ ದುಡ್ಡಿಗೆ ತಾರೀಖು, ಮೊತ್ತ ಬರೆದ ಚೀಟಿ ಸುತ್ತಿಡುವುದನ್ನು ಕಲಿಸಿದವರೂ ಟೀಚರೇ.

ಇವರು ಮನೆಗೆ ಬರುವಷ್ಟರಲ್ಲಿ ಬೆಳ್ಳಿಯಪ್ಪ ದುಡ್ಡನ್ನೆಲ್ಲ ಜಗಲಿಯ ಬೆಂಚಿನ ಮೇಲೆ ಇಟ್ಟಿದ್ದ.

"ಕೂತ್ಕಳಿ ಟೀಚರ್ರೇ. ಶುಕ್ರವಾರ ಕಟ್ಬೇಕಲ್ಲ, ಇದು ಕವನಾನ ಫೀಸಿಗೆ ಅಂತ ಗೊತ್ತಾಯ್ತು. ಒಂಬತ್ತು ಸಾವಿರ ಇದೆ. ಬಸ್ಸಿಗೆ ಬಟ್ಟೆಗೆ ಅಂತ ಇನ್ನೂ ಇನ್ನೂರು ಇಟ್ಟಿದೀನಿ."

ಟೀಚರ ಸಿಟ್ಟು ಜರ್ರನೆ ಇಳಿಯಿತು. ಇಷ್ಟು ಒಳ್ಳೆಯವನನ್ನು ಸುಮ್ಮನೆ ಶಪಿಸಿದೆನಲ್ಲ ಎಂದು ನಾಚಿಕೆಯೂ ಆಯಿತು. "ನೋಡಿದ್ರಾ ಬೆಳ್ಳಿಯಪ್ಪ, ನಿಮ್ಮ ಹೆಂಡ್ತಿ ಎಂಥ..." ಎಂದು ಶುರು ಮಾಡುವಷ್ಟರಲ್ಲಿ ಅವನು ಜೇಬಿನಿಂದ ಒಂದು ಚೀಟಿ ತೆಗೆದು ಮುಂದೆ ಹಿಡಿದ.

"ಇದನ್ನೊಂಚೂರು ಓದಿ. ನನ್ನ ಕಣ್ಣೇ ಸರಿ ಇಲ್ವೇನೋ."

"ಒಂಬತ್ತು, ಏಳು, ಎರಡು ಸಾವಿರದ ಐದು. ಎಂಬತ್ತು ರೂಪಾಯಿ."

"ಅದು ಶನಿವಾರ. ಅಮ್ಮ ಹೋಗಿದ್ದು ಹತ್ತನೇ ತಾರೀಖು, ಭಾನುವಾರ," ಎಂದ ಬೆಳ್ಳಿಯಪ್ಪ. ದನಿ ಏರಲಿಲ್ಲ. "ಮಧ್ಯಾಹ್ನದಿಂದ ಉಸಿರು ಎಳೀತಿತ್ತು. ಮೂಡಿಗೆರೆ ಆಸ್ಪತ್ರೆಗೆ ಕರ್ಕೊಂಡು ಹೋಗಕ್ಕೆ ಜೀಪಿನವ್ನು ನಾನೂರು ಮೊದ್ಲೇ ಇಡು ಅಂದ. ಹಳೇ ಬಾಡಿಗೆ ಬಾಕಿ ಇತ್ತು, ಅವ್ನ ತಪ್ಪಲ್ಲ. ಇವಳನ್ನ ಕೇಳ್ದೆ. ಇಲ್ಲ ಅಂದ್ಲು. ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಮನೆಗೆ ನಡ್ಕೊಂಡು ಹೋಗಿ ಸಾಲ ತರೋ ಹೊತ್ತಿಗೆ ಮುಗ್ದಿತ್ತು. ಅಮ್ಮನ ಮಂಚ ಇದ್ದಿದ್ದು ಆ ಅಟ್ಟದ ಕೆಳಗೇ ಟೀಚರ್ರೇ."

ಶಿವಗಂಗಮ್ಮ ಕಂಬಕ್ಕೆ ಒರಗಿ ಕೂತಳು.

"ಬರೀ ಕೆಮ್ಮು ಅನ್ಕಂಡಿದ್ದೆ," ಎಂದಳು. "ಇಲ್ಲ ಅನ್ನೋದು ಬಾಯಿಗೆ ತಾನಾಗೇ ಬಂತು. ಆಮೇಲೆ ಇದೆ ಅನ್ನಕ್ಕೆ ಹೆದರಿಕೆ ಆಯ್ತು. ಸುಳ್ಳು ಹೇಳ್ದೆ ಅಂತಾರಲ್ಲ ಅಂತ. ಅಷ್ಟರಲ್ಲಿ ಇವ್ರು ಹೊರಟೇ ಹೋಗಿದ್ರು."

ಗಿರಿಜಾಂಬಾಗೆ ಆಗ ನೆನಪಾಯಿತು. ಬೆಳ್ಳಿಯಪ್ಪನ ಅಮ್ಮ ನಂಜಮ್ಮಜ್ಜಿಯ ತಿಥಿಯೂಟಕ್ಕೆ ಅವರೂ ಬಂದಿದ್ದರು. ಬಾವಿಕಟ್ಟೆಯ ಹತ್ತಿರ ಕೈ ತೊಳೆಯುವಾಗ ಶಿವಗಂಗಮ್ಮ ಅಳುತ್ತಾ, "ಇವ್ರು ದುಡ್ಡು ಕೇಳಿದ್ರು ಟೀಚರ್ರೇ, ಇಲ್ಲ ಅಂದ್ಬಿಟ್ಟೆ," ಎಂದಿದ್ದಳು. ಟೀಚರ್ ಅವಳ ಬೆನ್ನು ತಟ್ಟಿ, "ಶಭಾಷ್," ಎಂದಿದ್ದರು. ಅಳು ಅತ್ತೆಗಾಗಿ ಎಂದುಕೊಂಡಿದ್ದರು. ಬಳೆಯ ಬೆಲೆ ವಿಚಾರಿಸುವ ಬಾಯಿ, ಅವನು ಯಾವಾಗ ಕೇಳಿದ, ಯಾಕೆ ಕೇಳಿದ ಎಂದು ಅವತ್ತು ಕೇಳಲಿಲ್ಲ.

"ನಾನೇ..." ಎಂದರು ಟೀಚರ್.

ಬೆಳ್ಳಿಯಪ್ಪ ಉಳಿದ ನೂರರ ನಾಲ್ಕು ನೋಟುಗಳನ್ನು ಬೆಂಚಿನ ಇನ್ನೊಂದು ತುದಿಗೆ ಸರಿಸಿದ. "ಇದು ಜೀಪಿನ ದುಡ್ಡು. ಫೀಸಿಗೆ ಸೇರಿಸ್ಬೇಡಿ," ಎಂದ. ಗೋಡೆಗೆ ಒರಗಿಸಿದ್ದ ಕತ್ತಿ ತೆಗೆದುಕೊಂಡು ತೋಟದ ಕಡೆ ಇಳಿದುಹೋದ.

ಹೆಂಗಸರಿಬ್ಬರೂ ಕೂತಲ್ಲೇ ಕೂತಿದ್ದರು. ಸ್ವಲ್ಪ ಹೊತ್ತಿಗೆ ಗಾಳಿ ಬೀಸಿ ನಾಲ್ಕರಲ್ಲಿ ಒಂದು ನೋಟು ಜಾರಿ ಅಂಗಳಕ್ಕೆ ಬಿತ್ತು. ಕೋಳಿಯೊಂದು ಓಡಿಬಂದು ಕುಕ್ಕಿ ನೋಡಿ, ತಿನ್ನುವ ವಸ್ತುವಲ್ಲವೆಂದು ಬಿಟ್ಟುಹೋಯಿತು. ಇಬ್ಬರೂ ಅದನ್ನು ನೋಡಿದರು. ಎತ್ತಿಕೊಳ್ಳಲು ಯಾರೂ ಏಳಲಿಲ್ಲ.