ಓದಿ ಹೇಳದ ಶುಕ್ರವಾರ

ಮೇಜಿನ ಕೆಳಗೆ ಅವಳ ಕಾಲು ಸುಮ್ಮನಿರುವುದಿಲ್ಲ, ಶೂ ಮೇಲೆ ಏರಿಸಿಕೊಂಡ ಪ್ಲಾಸ್ಟಿಕ್ ಚೀಲ ಚರಪರ ಅನ್ನುತ್ತಲೇ ಇದೆ, ನೀಲಿ ಚೀಲ, ಡೇರಿಯೊಳಗೆ ಬರುವ ಹೊರಗಿನವರಿಗೆಲ್ಲ ನಾವೇ ಕೊಡುವುದು, ಈಗ ನೀಲಿ ಕಂಡರೆ ಸಾಕು ಕಣ್ಣು ಬೇರೆ ಕಡೆ ತಿರುಗಿಸಿಕೊಳ್ಳುತ್ತೇನೆ — ಎಷ್ಟು ವರ್ಷದಿಂದ ಇಲ್ಲಿದ್ದೀರಿ ಟೋವೆ, ಅಂತ ಕೇಳುತ್ತಿದ್ದಾಳೆ ತಪಾಸಣೆಗೆ ಬಂದ ಈ ಹೆಣ್ಣುಮಗಳು, ಇಪ್ಪತ್ತಾರು ಅಂತ ನನ್ನ ಬಾಯಿ ಹೇಳುತ್ತದೆ, ಅದರಲ್ಲಿ ಹದಿನಾಲ್ಕು ವರ್ಷ ಸುರಕ್ಷತಾ ಪ್ರತಿನಿಧಿ, ಅವಳು ಬರೆದುಕೊಳ್ಳುತ್ತಾಳೆ. ಅವಳು ಕೂತಿರುವುದು ತೊಳೆಯುವ ಕೋಣೆಯ ಎಗಾನ್‌ನ ಕುರ್ಚಿ, ಯಾರೂ ಅವಳಿಗೆ ಹೇಳಲಿಲ್ಲ, ಕಿಟಕಿಯ ಪಕ್ಕದ್ದು, ಅವನು ಆಸ್ಪತ್ರೆಗೆ ಹೋದ ದಿನದಿಂದ ಕ್ಯಾಂಟೀನಿನಲ್ಲಿ ಅದೊಂದು ಖಾಲಿಯೇ ಇತ್ತು, ಮಂಗಳವಾರ ಅವನನ್ನು ಮಣ್ಣು ಮಾಡಿ ಬಂದು ಕಾಫಿ ಕುಡಿದಾಗಲೂ ನಾವೆಲ್ಲ ಒತ್ತಿಕೊಂಡು ಈಚೆಗೇ ಕೂತೆವು. ಪಕ್ಕದಲ್ಲಿ ಮ್ಯಾನೇಜರ್ ಫ್ಲೆಮಿಂಗ್ ತನ್ನ ಫೈಲು ನೀವುತ್ತಿದ್ದಾನೆ, ಕೆಟ್ಟವನಲ್ಲ, ಹೆದರಿದ್ದಾನೆ, ಒಳಗೆ ಬರುವ ಮುಂಚೆ ಬಾಗಿಲಲ್ಲಿ ನನ್ನ ತೋಳು ಹಿಡಿದು, ಕ್ಯಾನಿನ ಮೇಲೆ ಲೇಬಲ್ ಇತ್ತು, ಸೂಚನೆಯ ಹಾಳೆ ಇತ್ತು, ಅದರ ಮೇಲೆ ಎಗಾನ್‌ನ ಸಹಿ ಇದೆ, ಪಾಪ ಅವಸರ ಮಾಡ್ಕೊಂಡ, ನೀನೂ ಅಷ್ಟೇ ಹೇಳು ಟೋವೆ, ಜಾಸ್ತಿ ಏನೂ ಬೇಡ ಅಂದಿದ್ದ. ಅಷ್ಟೇ ಹೇಳಿದರೆ ಅವಳು ಬರೆಯುವುದೂ ಅಷ್ಟೇ, ಕೆಲಸಗಾರನ ಅಜಾಗರೂಕತೆ, ಮೂವತ್ತೊಂದು ವರ್ಷ ಒಂದು ಹನಿ ಚೆಲ್ಲದವನ ಹೆಸರಿನ ಕೆಳಗೆ.

ಎಷ್ಟು ಸುಲಭ ಇತ್ತು ಮುಂಚೆ, ನೀಲಿ ಕ್ಯಾನು ಅಂದರೆ ಕ್ಲೋರಿನ್ ಇರುವ ಕ್ಷಾರ, ಕೆಂಪು ಕ್ಯಾನು ಅಂದರೆ ಆಸಿಡ್, ಚೀಸ್ ತೊಟ್ಟಿ ತೊಳೆಯಲು ಎರಡೂ ಬೇಕು, ಎರಡೂ ಒಂದನ್ನೊಂದು ಮುಟ್ಟಬಾರದು, ಮುಟ್ಟಿದರೆ ವಿಷದ ಹೊಗೆ, ಹೊಸಬರಿಗೆ ಎಗಾನ್ ಹೇಳುತ್ತಿದ್ದ, ನೀಲಿ ನನ್ನ ಹೆಂಡ್ತಿ, ಕೆಂಪು ನಮ್ಮತ್ತೆ, ಒಂದೇ ಕೋಣೇಲಿ ಬಿಡಬೇಡ. ಈ ಚಳಿಗಾಲ ಸರಬರಾಜು ಮಾಡುವವರು ಬದಲಾದರು, ಹೊಸಬರ ಕ್ಯಾನಿನಲ್ಲಿ ಬಣ್ಣ ತಿರುವುಮುರುವು, ನೀಲಿಯಲ್ಲಿ ಆಸಿಡ್, ಎರಡರ ಮೇಲೂ ಅಂಗೈ ಮೇಲೆ ಹನಿ ಬಿದ್ದು ಚರ್ಮ ತಿನ್ನುವ ಅದೇ ಚಿತ್ರ, ಬೇರೆ ಇದ್ದದ್ದು ಅಕ್ಷರ ಮಾತ್ರ. ಅಕ್ಷರ ಮಾತ್ರ — ಅವನ ಐವತ್ತನೇ ಹುಟ್ಟುಹಬ್ಬಕ್ಕೆ ನಾವೇ ಹಾಡು ಕಟ್ಟಿ, ಅಚ್ಚು ಹಾಕಿಸಿ, ಎಲ್ಲರಿಗೂ ಒಂದೊಂದು ಹಾಳೆ ಹಂಚಿ, ಗ್ಲಾಸು ಎತ್ತಿ ಹಾಡುತ್ತಿದ್ದೆವು, ಎಗಾನ್ ಎಲ್ಲರಿಗಿಂತ ಜೋರಾಗಿ ತುಟಿ ಆಡಿಸುತ್ತಿದ್ದ, ಹಾಳೆ ತಲೆಕೆಳಗಾಗಿ ಹಿಡಿದುಕೊಂಡು. ನಾನು ಕೈ ಚಾಚಿ ತಿರುಗಿಸಿ ಕೊಟ್ಟೆ. ಅವನು ನೋಡಿದ, ಒಂದೇ ಸಲ, ಕೆನ್ನೆ ಕೆಂಪಾಗಿ, ಆಮೇಲೆ ಮುಂದಿನ ಸಾಲಿಗೆ ಮತ್ತೆ ತುಟಿ ಆಡಿಸಿದ. ಆ ವಿಷಯ ನಾವಿಬ್ಬರೂ ಎಂದೂ ಆಡಲಿಲ್ಲ, ಹನ್ನೆರಡು ವರ್ಷ, ಅವನು ಕನ್ನಡಕ ಮನೇಲಿ ಮರೆತೆ ಅನ್ನುತ್ತಿದ್ದ, ಕನ್ನಡಕ ಜೇಬಿನಲ್ಲೇ ಇರುತ್ತಿತ್ತು, ನಾನು ಓದಿ ಹೇಳತೊಡಗಿದೆ. ಎಲ್ಲರಿಗೂ ಅನ್ನುವ ಹಾಗೆ, ಶುಕ್ರವಾರ ಬೆಳಿಗ್ಗೆ, ಬನ್ನು ಬೆಣ್ಣೆ ಚೀಸ್ ಮೇಜಿನ ಮೇಲೆ ಬಂದ ಹೊತ್ತಿಗೆ, ಸುರಕ್ಷತೆಯ ಸೂಚನೆಯ ಹೊಸ ಹಾಳೆ ಬಂದಿದ್ದರೆ ಪೂರ್ತಿ ಓದುವುದು, ಆಮೇಲೆ ಸಹಿ, ನಮ್ಮ ಫೈಲಿನಲ್ಲಿ ಬೆಣ್ಣೆಯ ಕಲೆ ಇಲ್ಲದ ಹಾಳೆಯೇ ಇಲ್ಲ. ಪ್ಯಾಕಿಂಗಿನ ಯೆಸ್ಪರ್‌ಗೆ ಸಿಟ್ಟು, ನಾವೇನು ಒಂದನೇ ಕ್ಲಾಸಿನ ಮಕ್ಕಳಾ ಟೋವೆ, ಎಗಾನ್ ಅವನ ಬನ್ನಿಗೆ ಬೆಣ್ಣೆ ಹಚ್ಚಿ ಕೊಡುತ್ತ, ಓದ್ಲಿ ಬಿಡೋ, ನಿನ್ನ ಗೊರಕೆಗಿಂತ ಅವಳ ದನಿ ಚೆನ್ನಾಗಿದೆ. ನನಗೆ ಒಳಗೊಳಗೇ ಹೆಮ್ಮೆ, ಒಬ್ಬ ಮನುಷ್ಯನ ಮರ್ಯಾದೆ ಉಳಿಸುತ್ತಿದ್ದೇನೆ ಅಂತ, ಯಾರಿಗೂ ಗೊತ್ತಾಗದ ಹಾಗೆ, ನಾನು ಒಂದು ದಿನ ತಪ್ಪಿದರೆ ಏನು ಗತಿ ಅಂತ ಒಂದು ಸಲವೂ ಯೋಚಿಸದೆ, ಅವನನ್ನು ಪಕ್ಕಕ್ಕೆ ಕರೆದು, ಈಗಲೂ ಕಲಿಯಬಹುದು ಎಗಾನ್, ಸಂಜೆ ಶಾಲೆ ಇದೆ, ನಾನೂ ಜೊತೆಗೆ ಬರ್ತೀನಿ ಅಂತ ಹೇಳದೆ. ಹೇಳಿದ್ದರೆ ಬೈಯುತ್ತಿದ್ದ, ಒಂದು ವಾರ ಮಾತು ಬಿಡುತ್ತಿದ್ದ, ಇರುತ್ತಿದ್ದ.

ಹೊಸ ಕ್ಯಾನುಗಳ ಹಾಳೆ ಬಂದ ಆ ಶುಕ್ರವಾರ ಫೋನು ಬಂತು, ಗ್ಯಾರೇಜಿನವನದು, ನನ್ನ ಕಾರಿಗೆ ಚಳಿಗಾಲದ ಟೈರು ಈ ವಾರ ಹಾಕಲೋ ಮುಂದಿನ ವಾರವೋ, ಇಷ್ಟೇ, ನಾನು ಫೈಲು ಮೇಜಿನ ಮೇಲಿಟ್ಟು ಕಾರಿಡಾರಿಗೆ ಹೋದೆ, ಸಹಿ ಹಾಕ್ತಿರಿ ಬಂದೆ ಅಂದೆ, ಬಂದಾಗ ಎಲ್ಲರೂ ಹಾಕಿಯಾಗಿತ್ತು, ಗಡಿಯಾರ ನೋಡಿದೆ, ಹಾಲಿನ ಲಾರಿ ಬಂದಿತ್ತು, ಸೋಮವಾರ ಓದಿದರಾಯ್ತು ಅಂದುಕೊಂಡೆ. ಸೋಮವಾರ ನಾನು ಬಟ್ಟೆ ಬದಲಿಸುವಷ್ಟರಲ್ಲಿ ಎಗಾನ್ ತೊಳೆಯುವ ಕೋಣೆಯಲ್ಲಿ ಅರ್ಧ ಖಾಲಿಯಾದ ಕ್ಷಾರದ ಡ್ರಮ್ಮಿಗೆ, ಅದೂ ಕ್ಷಾರವೇ ಅಂದುಕೊಂಡು, ನೀಲಿ ಕ್ಯಾನು ಬಗ್ಗಿಸಿದ್ದ, ಮಂಡಿಯ ಮೇಲೆ ತೆವಳುತ್ತ ಬಾಗಿಲಿನಿಂದ ಹೊರಬಂದ, ಹಿಂದೆ ಹಳದಿ ಹೊಗೆ, ಕಣ್ಣು ಮೂಗು ಸುರಿಯುತ್ತ, ಕೆಮ್ಮಿನ ಮಧ್ಯೆ ನನ್ನನ್ನೇ ನೋಡಿ, ಈಜುಕೊಳದ ವಾಸನೆ ಟೋವೆ, ಈಜೋ ಚಡ್ಡಿ ತರ್ಬೇಕಿತ್ತು ಅಂದ. ಎಂಟನೇ ದಿನ ಶ್ವಾಸಕೋಶ ನೀರು ತುಂಬಿ ಕೈಬಿಟ್ಟಿತು. ನಿನ್ನೆ ಸೊಲ್ವೈ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು, ನಲವತ್ತು ವರ್ಷ ಎಗಾನ್ ಜೊತೆ ಬಾಳಿದ ಹೆಂಡತಿ, ಬೇಜವಾಬ್ದಾರಿ ಅಂತ ಬೇಕಾದ್ರೆ ಬರ್ಕೊಳ್ಳಲಿ, ಓದೋಕೆ ಬರ್ತಿರ್ಲಿಲ್ಲ ಅಂತ ಮಾತ್ರ ಹೇಳ್ಬೇಡ, ಮೊಮ್ಮಗಳಿಗೆ ಪ್ರತಿ ಭಾನುವಾರ ಪುಸ್ತಕ ಓದ್ತಿದ್ದ, ಒಂದೇ ಪುಸ್ತಕ, ಪ್ರತಿ ವಾರ ಬೇರೆ ಕಥೆ, ಅಜ್ಜನ ಪುಸ್ತಕ ಮುಗಿಯೋದೇ ಇಲ್ಲ ಅಂತಾಳೆ ಮಗು, ಅದನ್ನ ಅವಳಿಂದ ಕಿತ್ಕೋಬೇಡ ಟೋವೆ. ನಾನು ಮಾತು ಕೊಟ್ಟೆ. ಕೊಟ್ಟು ಮನೆಗೆ ಬಂದು ತಲೆ ಕೆಡಿಸಿಕೊಂಡೆ, ಅವನ ಗುಟ್ಟು ಉಳಿದರೆ ಹೆಸರು ಹೋಗುತ್ತದೆ, ಹೆಸರು ಉಳಿದರೆ ಗುಟ್ಟು ಹೋಗುತ್ತದೆ, ಬೆಳಿಗ್ಗೆ ರೊಟ್ಟಿ ಕೊಯ್ಯುವಾಗ ತಿಳಿಯಿತು, ಎರಡೂ ಉಳಿಯುವ ದಾರಿ ಒಂದಿದೆ, ಅದರಲ್ಲಿ ಹೋಗುವುದು ನನ್ನ ಹೆಸರು ಮಾತ್ರ.

ಹಾಗಾದರೆ ಅವರಿಗೆ ಮಾಹಿತಿ ತಲುಪಿತ್ತು, ಅನ್ನುತ್ತಿದ್ದಾಳೆ ತಪಾಸಣೆಯವಳು, ಫ್ಲೆಮಿಂಗ್ ತಲೆಯಾಡಿಸುತ್ತಿದ್ದಾನೆ, ಇಲ್ಲ ಅನ್ನುತ್ತದೆ ನನ್ನ ದನಿ, ಇಷ್ಟು ಗಟ್ಟಿಯಾಗಿ ಬರುತ್ತದೆ ಅಂದುಕೊಂಡಿರಲಿಲ್ಲ, ಇಲ್ಲಿ ಪದ್ಧತಿ ಬೇರೆ, ನಾನು ಗಟ್ಟಿಯಾಗಿ ಓದೋದು, ಎಲ್ಲರೂ ಕೇಳೋದು, ಆಮೇಲೆ ಸಹಿ, ಹನ್ನೆರಡು ವರ್ಷದಿಂದ ಹಾಗೇ, ಯೆಸ್ಪರ್‌ನ ಕೇಳಿ, ಆ ದಿನ ನಾನು ಓದಲಿಲ್ಲ, ಫೋನಿಗೆ ಹೋದೆ, ತಪ್ಪು ನನ್ನದು, ಬರ್ಕೊಳ್ಳಿ. ಫ್ಲೆಮಿಂಗ್‌ನ ಕೈ ಫೈಲಿನ ಮೇಲೆ ನಿಂತಿದೆ. ಅವಳು ಬರೆಯುತ್ತಾಳೆ, ನಿಧಾನವಾಗಿ, ಆಮೇಲೆ ಫೈಲಿನಿಂದ ಆ ಶುಕ್ರವಾರದ ಹಾಳೆಯನ್ನು ತೆಗೆದು ನನ್ನ ಕಡೆ ತಿರುಗಿಸುತ್ತಾಳೆ, ಇದು ಅವರದೇ ಸಹಿ ತಾನೇ, ಹೌದು, ಅವನದೇ, ಚಿತ್ರ ಬಿಡಿಸಿದ ಹಾಗೆ ಒಂದೊಂದೇ ಅಕ್ಷರ, ಅಷ್ಟು ಮಾತ್ರ ಅವನಿಗೆ ಬರುತ್ತಿತ್ತು, ಆದರೆ ಮೊದಲ ಅಕ್ಷರಕ್ಕೂ ಮುಂಚೆ ಅಲ್ಲೊಂದು ಚುಕ್ಕೆ, ಶಾಯಿಯ ಚುಕ್ಕೆ, ದಪ್ಪ, ಹಾಳೆಯ ಹಿಂಬದಿಗೂ ಇಳಿದಿದೆ, ಪೆನ್ನು ಊರಿ ಹಾಗೇ ಹಿಡಿದಿದ್ದಾನೆ, ಕಾರಿಡಾರಿನ ಬಾಗಿಲ ಕಡೆ ನೋಡುತ್ತ, ನಾನು ಬಂದು ಓದುತ್ತೇನೆ ಅಂತ, ಎಷ್ಟು ಹೊತ್ತು ಹಿಡಿದಿದ್ದರೆ ಶಾಯಿ ಅಷ್ಟು ಇಳಿಯುತ್ತದೆ, ನಾನು ಟೈರಿನ ಮಾತಾಡುತ್ತಿದ್ದೆ, ಮುಂದಿನ ವಾರ ಅಂದೆ, ಸರಿ ಅಂದೆ, ಇನ್ನೂ ಏನೋ ಅಂದು ನಕ್ಕೆ, ಇಲ್ಲಿ ಪೆನ್ನು ಊರಿದ್ದ, ಊರಿಯೇ ಇದ್ದ, ಬಾಗಿಲ ಕಡೆ ನೋಡುತ್ತ, ಚುಕ್ಕೆ ಅಗಲವಾಗುತ್ತ, ಆ ಚುಕ್ಕೆ, ಚುಕ್ಕೆ